ಹನ್ನೊಂದನೆಯ ಸಲ

ಸಂಘದವರು ಕೇಳಿದ್ದಾರೆ:
ಈ ವರ್ಷದ ಸಾಧಕರ ಹೆಸರು ಕಳಿಸಿ,
ವಿವರ ಮೂರು ಸಾಲು ಮೀರದಿರಲಿ, ಜೊತೆಗೊಂದು ಫೋಟೊ,
ಕೋಟು ಹಾಕಿದ್ದರೆ ಒಳ್ಳೆಯದು.

ನಮ್ಮ ಕಟ್ಟಡದ ಎರಡನೇ ಮಹಡಿಯ
ಸೆವ್ರಿನ್ ಬಾಯಿಯ ಹೆಸರು ಬರೆದು
‘ಸಾಧನೆ’ ಎಂಬ ಕಾಲಮ್ಮಿನೆದುರು
ಪೆನ್ನು ಕಚ್ಚುತ್ತ ಕೂತಿದ್ದೇನೆ.

ಶಿರ್ವದ ಹೆಂಗಸು. ಐವತ್ತೊಂದು.
ಶಾರ್ಜಾದ ಶಾಲಾ ಬಸ್ಸೊಂದರಲ್ಲಿ ಹನ್ನೆರಡು ವರ್ಷ
ಬಾಗಿಲ ಪಕ್ಕದ ಮಡಚು ಸೀಟು.
ಇಳಿಯುವ ಮಗುವಿನ ಬೆನ್ನಿಗೆ ಚೀಲ ಏರಿಸಿ,
ಮರೆತ ನೀರಿನ ಬಾಟಲಿ ಹಿಡಿದು ಹಿಂದೆ ಓಡಿ,
ಯಾರೂ ನಿದ್ದೆ ಹೋಗಿ ಉಳಿದಿಲ್ಲವಷ್ಟೆ ಎಂದು
ಕೊನೆಯ ಸೀಟಿನ ತನಕ ಬಗ್ಗಿ ಬಗ್ಗಿ ನೋಡುವವಳು.
ಸ್ಟಿಯರಿಂಗು ಕೈಯಳತೆಯ ದೂರ,
ಯಾವಾಗಲೂ ಇನ್ನೊಬ್ಬರ ಕೈಯಲ್ಲಿ.

ಅವಳು ಲೈಸೆನ್ಸಿಗೆ ಫೈಲು ತೆರೆದ ದಿನ
ಲಿಫ್ಟಿನಲ್ಲಿ ನಕ್ಕವರಲ್ಲಿ ನಾನೂ ಇದ್ದೆ.
ಇದನ್ನು ಫಾರಮ್ಮಿನಲ್ಲಿ ಬರೆಯಲಾಗದು.

ಮೊದಲ ಟೆಸ್ಟು, ರಸ್ತೆಯುಬ್ಬು ಹಾರಿಸಿದಳು.
ಎರಡನೆಯದು, ರೌಂಡಬೌಟಿಗೆ ಹೊಕ್ಕವಳಿಗೆ
ಹೊರಬೀಳುವ ದಾರಿ ಸಿಗದೆ ಮೂರು ಸುತ್ತು.
‘ಇಗರ್ಜಿ ಹಬ್ಬದ ಮೆರವಣಿಗೆ ಆಯ್ತು ಮಾರಾಯ್ರೆ.’
ಆರನೆಯದಕ್ಕೆ ಎಲ್ಲ ಸರಿಯಿತ್ತು, ಕೈಬ್ರೇಕು ಬಿಟ್ಟಿರಲಿಲ್ಲ.
ಒಂಬತ್ತಕ್ಕೆ ಯಾಕೆ ಫೇಲೆಂದು ಅವಳಿಗೂ ತಿಳಿಯದು,
ಪೊಲೀಸಮ್ಮನೂ ಹೇಳಲಿಲ್ಲ.
ಪ್ರತಿ ಸಲವೂ ದಿರ್ಹಮು.
ಆ ದಿರ್ಹಮುಗಳಿಗೆಲ್ಲ ಊರಲ್ಲಿ ಬೇರೆ ಹೆಸರಿತ್ತು:
ಮಗಳ ನರ್ಸಿಂಗು ಫೀಸು, ಬಾವಿಯ ಪಂಪು,
ಅಮ್ಮನ ಹೊಸ ಹಲ್ಲು.

ಹತ್ತನೆಯದರ ಸಂಜೆ
ಫೈಲನ್ನು ಅಕ್ಕಿ ಡ್ರಮ್ಮಿನಡಿ ಸೇರಿಸಿಬಿಟ್ಟಳು.

ಯಾರು ಮೊದಲು ಮಾತೆತ್ತಿದರೋ ನೆನಪಿಲ್ಲ.
ಕಟ್ಟಡದ ಹಿಂದಿನ ಮರಳು ಜಾಗದಲ್ಲಿ
ರಾತ್ರಿ ಹತ್ತರ ಉಬ್ಬೆಯಲ್ಲಿ
ಖಾಲಿ ನೀರಿನ ಕ್ಯಾನುಗಳು ಸಾಲಾಗಿ ನಿಂತವು.
ಕಾರಿಲ್ಲ. ಗಂಜಿಪಾತ್ರೆಯ ಮುಚ್ಚಳವೇ ಸ್ಟಿಯರಿಂಗು.
ಇಸ್ತ್ರಿ ಅಂಗಡಿ ಮೊಯ್ದಿನಬ್ಬ, ಜನ್ಮದಲ್ಲಿ ಮುಖ ಗಂಟಿಕ್ಕದವನು,
ಗಂಟಿಕ್ಕಿ ಪರೀಕ್ಷಕನಾದ.
ವಾಚ್‌ಮನ್ ನೂರುಲ್ ಒಮ್ಮೆ ರಸ್ತೆ ದಾಟುವ ಮುದುಕ,
ಒಮ್ಮೆ ಆಂಬುಲೆನ್ಸು, ಒಮ್ಮೆ ಒಂಟೆ.
ಸಿಂಧನೂರಿನ ಹುಸೇನಪ್ಪ, ದಿನವಿಡೀ
ನಲವತ್ತನೇ ಮಹಡಿಯೆತ್ತರದ ಕ್ರೇನಿನಲ್ಲಿ ಒಂಟಿ,
ಅವಳ ಹಿಂದೆ ಹಿಂದೆ ನಡೆದ:
‘ಕನ್ನಡಿ ನೋಡ್ರಿ ಅಕ್ಕಾ, ಅವಸರ ಬ್ಯಾಡ,
ಲೋಡು ತಾನ ಬಂದು ಕುಂದ್ರತೈತಿ.’

ನಾನು ನಿಂತ ಕಾರು.
ಎರಡು ತಿಂಗಳು ಕದಲದೆ ನಿಂತೆ.
ನನಗೂ ಕಸದ ಡಬ್ಬಿಗೂ ನಡುವೆ
ಅವಳು ಹಿಮ್ಮುಖವಾಗಿ ಹೊಕ್ಕಳು, ತಾಗಿದಳು, ಹೊಕ್ಕಳು,
ಒಂದು ರಾತ್ರಿ ತಾಗಲಿಲ್ಲ.

ಹನ್ನೊಂದನೆಯ ಟೆಸ್ಟು ಮುಗಿಸಿ ಬಂದವಳು
ಲಿಫ್ಟು ಹತ್ತದೆ ಮೆಟ್ಟಿಲಲ್ಲೇ ಐದು ಮಹಡಿ ಏರಿ
ಎಲ್ಲ ಬಾಗಿಲುಗಳ ಗಂಟೆ ಒತ್ತಿದಳು.
ತೆರೆದರೆ ಮಾತಿಲ್ಲ. ಏದುಸಿರು, ಕೈಯಲ್ಲಿ ಕಾರ್ಡು.

ಶುಕ್ರವಾರ ಬಾಡಿಗೆ ಕಾರು ತಂದಳು.
ಮೊದಲ ಸವಾರಿ ಇಗರ್ಜಿಗೆ ಎಂದುಕೊಂಡಿದ್ದೆವು.
ನೂರುಲ್ ಈ ಊರಿಗೆ ಬಂದು ಏಳು ವರ್ಷ.
ಸಮುದ್ರ ನಡೆದರೆ ಅರ್ಧ ಗಂಟೆ,
ಬಾಗಿಲು ಬಿಟ್ಟು ಕದಲುವ ಹಾಗಿಲ್ಲ, ನೋಡಿರಲಿಲ್ಲ.
ಆ ಮಧ್ಯಾಹ್ನ ಅವನ ಕುರ್ಚಿಯಲ್ಲಿ ಮೊಯ್ದಿನಬ್ಬ ಕೂತ.
ಇಸ್ತ್ರಿಯ ಗೆರೆ ಮುರಿಯದ ಅಂಗಿ ತೊಟ್ಟು
ನೂರುಲ್ ಕಾರು ಹತ್ತುವ ಮುಂಚೆ
ಫುಟ್‌ಪಾತಿನಲ್ಲೇ ಚಪ್ಪಲಿ ಕಳಚಿದ.
‘ಬೆಲ್ಟ್!’ ಎಂದಳು ಅವಳು
ನಲವತ್ತು ಮಕ್ಕಳು ಗಪ್‌ಚುಪ್ಪಾಗುವ ಅದೇ ದನಿಯಲ್ಲಿ.
ಚಪ್ಪಲಿ ಎತ್ತಿಕೊಂಡು ನಾನು ಹಿಂದೆ ಕೂತೆ.

ಮೂರು ಸಾಲಿಗೆ ಇದು ಹಿಡಿಸುವುದಿಲ್ಲ.
ಫೋಟೊ ಒಂದಿದೆ, ಕೋಟಿಲ್ಲ.
ಪ್ಯಾಂಟು ಮಡಚಿ ಮೊಣಕಾಲ ನೀರಲ್ಲಿ ನೂರುಲ್,
ಏನೋ ಕೂಗುತ್ತಿದ್ದಾನೆ, ಗಾಳಿ.
ಹಿಂದೆ, ಮಸುಕಾಗಿ, ಬಾಗಿಲು ತೆರೆದ ಕಾರು,
ಅರ್ಧ ಹೆಂಗಸು:
ಹಿಂದಿನ ಸೀಟಿನಲ್ಲಿ ಯಾರಾದರೂ ಉಳಿದಿದ್ದಾರೆಯೇ ಎಂದು
ಬಗ್ಗಿ ನೋಡುತ್ತಿದ್ದಾಳೆ.