ಕಡೇ ಲಾಂಚು

ಮುಹರ್ರಖ್‌ನ ಆಸ್ಪತ್ರೆಯಲ್ಲಿ ಕೊಟ್ಟ ಕಾಗದ.
ಎಡಕ್ಕೆ ಇಂಗ್ಲಿಷು, ಬಲಕ್ಕೆ ಅರಬಿ,
ನಡುವೆ ಅಕ್ಕಿಕಾಳಿನಷ್ಟೇ ಚೌಕಗಳು.
ಸಕ್ಕರೆ? ಇಲ್ಲ. ರಕ್ತದೊತ್ತಡ? ಅಪ್ಪನಿಗೆ.
ತಾಯಿಗೆ ಸಿಸೇರಿಯನ್ ಆಗಿತ್ತೇ?
ಅಕ್ಕತಂಗಿಯರಿಗೆ?
ಪೆನ್ನು ಅಲ್ಲೇ ನಿಂತಿತು.

ಆಗಿತ್ತು. ಅಮ್ಮನಿಗೆ, ನಾನು ಹುಟ್ಟುವಾಗ;
ಒಮ್ಮೆ ಕುಯ್ದ ದಾರಿಯೆಂದು ತಂಗಿಗೂ ಅದೇ ಬಾಗಿಲು.
ಆ ತಂಗಿ ವಾರಿಜಳಿಗೆ ಹೋದ ವರ್ಷ ಉಡುಪಿಯಲ್ಲಿ.
ಅಜ್ಜಿ ಅಕ್ಕು ಮಾತ್ರ ಒಂಬತ್ತು ಹೆತ್ತವಳು,
ಒಂದನ್ನು ಸಿಗಡಿ ಒಣಹಾಕಿದ ಚಾಪೆಯ ಪಕ್ಕದಲ್ಲೇ.
ಊರೆಲ್ಲ ಅವಳ ಸೊಂಟ ಹೊಗಳಿತು.
ಒಂಬತ್ತರಲ್ಲಿ ಉಳಿದದ್ದು ಐದು.
ಆ ನಾಲ್ಕಕ್ಕೆ ಈ ಕಾಗದದಲ್ಲಿ ಚೌಕವಿಲ್ಲ.

ಡಾಕ್ಟರ್ ಇಬ್ತಿಹಾಲ್ ಸೂಡಾನಿನವರು,
ಕೈತುಂಬ ಮದರಂಗಿ, ಕಣ್ಣ ಕೆಳಗೆ ರಾತ್ರಿಪಾಳಿ.
"ಸಾಧ್ಯತೆ ಸ್ವಲ್ಪ ಹೆಚ್ಚು, ಹೌದು. ಆದರೆ ಹಣೆಬರಹವಲ್ಲ.
ಎತ್ತರ ತಾಯಿಯಿಂದ ಬರುತ್ತದೆ, ಎಲುಬಿನ ಅಳತೆ ಬರುತ್ತದೆ,
ನೋವು ಬಂದೂ ಬಾಯಿ ಬಿಡದ ಗರ್ಭಕೋಶವೂ ಬರಬಹುದು.
ಮಗು ಅಡ್ಡ ಮಲಗಿದ್ದಿದ್ದರೆ ಬೇರೆ ಮಾತು.
ನಿಮ್ಮ ತಾಯಿಗೆ ಯಾಕೆ ಮಾಡಿದರು?"

ಮೂವತ್ತೊಂದು ವರ್ಷ
ಅಮ್ಮನ ಹೊಟ್ಟೆಯ ಮೇಲೆ ತಲೆಯಿಟ್ಟು ಮಲಗಿದವಳು,
ಯಾಕೆ ಅಂತ ಕೇಳಿರಲೇ ಇಲ್ಲ.

ರಾತ್ರಿ ಫೋನು ಹಚ್ಚಿದೆ.
ಮೊದಲು ಕಂಡದ್ದು ಅಮ್ಮನ ಮನೆಯ ಫ್ಯಾನು,
ಆಮೇಲೆ ಅರ್ಧ ಕಿವಿ.
"ಎಂತಕಂದ್ರೆ? ಡಾಕ್ಟ್ರ್ ಹೇಳ್ರ್, ನಿನ್ನಪ್ಪಯ್ಯ ಸೈನ್ ಹಾಕ್ರ್.
ನಾವ್ ಕೇಂಬ್ದುಂಟಾ?"
ಮತ್ತೆ ಸುಮ್ಮನೆ, ನಾನು ಕೇಳದೆಯೇ,
ಸೀರೆ ಸರಿಸಿ ಗಾಯ ತೋರಿಸಿದಳು:
ಹೊಕ್ಕುಳಿಂದ ಕೆಳಕ್ಕೆ ನೆಟ್ಟಗೆ, ಗಂಟುಗಂಟಾಗಿ.
ಅಪ್ಪ ಆಗಲೇ ಅಂದಿದ್ದನಂತೆ,
ಇದನ್ನು ಹೊಲಿದವನು ಬಲೆ ಕಟ್ಟಿದವನಲ್ಲ.

ಆಮೇಲೆ ತಡೆತಡೆದು ಹೇಳಿದಳು.
ಕುಂದಾಪುರದ ಆಸ್ಪತ್ರೆ. ಬೆಳಗಿನಿಂದ ನೋವು.
ನರ್ಸಮ್ಮ ಅಂದಳಂತೆ ಇನ್ನೂ ಕಾಯಬಹುದು, ಕಾಯಬಹುದು.
ಮಂಪರು ಕೊಡುವ ಡಾಕ್ಟರು ಗಂಗೊಳ್ಳಿಯವರು,
ಹೊಳೆಯಾಚೆ ಮನೆ,
ಕಡೇ ಲಾಂಚು ಏಳಕ್ಕೆ.
ನಾನು ಹುಟ್ಟಿದ್ದು ಆರೂ ಹತ್ತಕ್ಕೆ.
"ಅವ್ರ್ ಓಡ್ಕಂಡ್ ಹೋದ್ದ್ ನಂಗ್ ನೆನಪಿತ್ತ್.
ಮತ್ತೆ, ಸಮಾ ಗೊತ್ತಿಲ್ಲೆ ಮಗಾ."

ಮರುವಾರ ಡಾಕ್ಟರನ್ನು ಕೇಳಿದೆ:
ಕಡೇ ಲಾಂಚು ರಕ್ತದಲ್ಲಿ ಬರುತ್ತದೆಯೇ?
ಅವರು ನಗಲಿಲ್ಲ.
ನೀಲ್ ನದಿಗೂ ಲಾಂಚುಗಳಿದ್ದವು ಅಂದರು,
ನನ್ನ ಎತ್ತರ ಮತ್ತೊಮ್ಮೆ ಅಳೆದರು.

ಆದರೆ ನನ್ನ ಚಪ್ಪಲಿ ನಾಲ್ಕನೇ ನಂಬರು.
ಅಮ್ಮನದೂ ನಾಲ್ಕು. ವಾರಿಜಳದೂ.
ಲಾಂಚಿನ ಮೇಲೆ ಎಲ್ಲ ಹೊರಿಸಿ ಮಲಗೋಣವೆಂದರೆ
ಬಾಗಿಲ ಬಳಿ ಆ ಜೊತೆ ಚಪ್ಪಲಿ ನನ್ನನ್ನೇ ನೋಡುತ್ತದೆ.

ಹಿದ್ದ್‌ನ ಡ್ರೈಡಾಕಿನಿಂದ ಬಂದ ಭುಜಂಗ
ಕಿವಿಯ ಕಬ್ಬಿಣದ ಪುಡಿ ಒರೆಸುತ್ತ ಅನ್ನುತ್ತಾನೆ,
"ಹಡಗನ್ನು ನೀರಿಗಿಳಿಸುವಾಗ
ಅದರ ಅಜ್ಜಿಯ ಕತೆ ಯಾರೂ ಕೇಳುವುದಿಲ್ಲ."
ಇವನ ತಲೆಗೆ ಕಂಪನಿಯ ಹೆಲ್ಮೆಟ್ಟೇ ಹಿಡಿಯದು,
ಆ ತಲೆ ಹೆತ್ತ ಅತ್ತೆ ಇವತ್ತಿಗೂ ಅದನ್ನು ನೆನೆದು ನರಳುತ್ತಾರೆ.
ಗಂಡನ ಕಡೆಯದೂ ಮಗುವಿಗೆ ಬರುವುದಲ್ಲವೇ,
ಅದನ್ನು ಕೇಳುವ ಸಾಲು
ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ.

ಮೂವತ್ತೆಂಟನೇ ವಾರ. ಆಗಸ್ಟು.
ಗೋಡೆ ಕೂಡ ಬೆವರುವ ಊರು.
ಮನೆಯ ಮೇಲೆ ವಿಮಾನ ಇಳಿದಾಗಲೆಲ್ಲ
ಒಳಗಿನದು ಮೊಣಕೈ ತಿರುಗಿಸುತ್ತದೆ.
ತಲೆ ಕೆಳಗಿದೆಯಂತೆ. ಸದ್ಯಕ್ಕೆ.

ಕುಯ್ದರೂ ಸರಿ. ನನಗೆ ಭಯವಿರುವುದು ಕತ್ತಿಯದ್ದಲ್ಲ,
ಕಾರಣ ಕೇಳದೆ ಮಲಗಿಬಿಡುವ ನಮ್ಮ ಚಾಳಿಯದ್ದು.
ಅದೂ ತಾಯಿಂದ ಮಗಳಿಗೆ ಬರುವಂಥದು.

ಕಾಗದ ವಾಪಸು ಕೊಡುವ ಮೊದಲು
ಹೌದು ಎಂದು ಚೌಕಕ್ಕೆ ಗೀಟು ಹಾಕಿ,
ಅಂಚಿನಲ್ಲಿ ಕನ್ನಡದಲ್ಲೇ ಬರೆದೆ:
'ಕಾರಣ: ಎಲುಬು ಇರಬಹುದು. ಲಾಂಚೂ ಇರಬಹುದು.'
ಫೋಟೋ ತೆಗೆದುಕೊಂಡೆ.
ಕೌಂಟರಿನವಳು ಓದದೆ ಸೀಲು ಒತ್ತಿದಳು,
'ಲಾಂಚೂ' ಮೇಲೆಯೇ ಬಿತ್ತು.

ಆ ಸಾಲಿನ ಕೆಳಗೆ
ಒಂದು ಬೆರಳಿನಷ್ಟು ಜಾಗ ಬಿಟ್ಟಿದ್ದೇನೆ.