ಮದ್ದು ಬೀಸುವ ಕಲ್ಲು

ಲೈನ್ ರಿಪೇರಿ, ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಕರೆಂಟಿಲ್ಲ
ಎಂದು ಪೇಪರಿನ ಮೂಲೆಯಲ್ಲಿ ಬಂದದ್ದರಿಂದ
ನಾವು ದುರ್ಗದ ಕೋಟೆ ನೋಡಿದೆವು.
ಇಲ್ಲದಿದ್ದರೆ ಅಮ್ಮನ ಗಿರಣಿಗೆ ರಜವೆಲ್ಲಿ?
ಕೆಟಿಜೆ ನಗರದ ಅರ್ಧ ರೊಟ್ಟಿ
ಅವಳ ಕೈ ದಾಟಿಯೇ ಹಂಚಿಗೆ ಹೋಗಬೇಕು.

ದಾವಣಗೆರೆಯಿಂದ ಬಸ್ಸು. ಬುತ್ತಿಯಲ್ಲಿ ಚಿತ್ರಾನ್ನ,
ಶೇಂಗಾ ಚಟ್ನಿಪುಡಿ, ಅಪ್ಪನ ಮಂಡಿಗೆ ಮುಲಾಮು.
ಕಿಟಕಿ ಪಕ್ಕ ಕೂತ ಅಮ್ಮನ ಕಿವಿಯ ಹಿಂದೆ
ಎಷ್ಟು ತೊಳೆದರೂ ಹೋಗದ ಒಂದೆಳೆ ಹಿಟ್ಟು.
ಗುಡ್ಡದ ಮೇಲಿನ ಗಾಳಿರೆಕ್ಕೆಗಳನ್ನು ತೋರಿಸಿ
‘ಅವೇನು ಬೀಸ್ತಾವೋ?’ ಅಂದಳು.
‘ಕರೆಂಟು’ ಅಂದ ತಮ್ಮ ಪಾಲಾಕ್ಷ.
‘ಮತ್ತೆ ಇವತ್ತ್ಯಾಕಿಲ್ಲ?’

ಹೊರಗಿನ ಅಂಗಡಿಯಲ್ಲಿ ಅವನಿಗೊಂದು ಆಟದ ಪಿಸ್ತೂಲು,
ಕೆಂಪು ರೀಲಿನ ಪಟಾಕಿ.
ಗೈಡು ಬೋರಯ್ಯ ನಾವು ಹೂಂ ಅನ್ನುವ ಮೊದಲೇ ಶುರು ಮಾಡಿದ:
ದಾರಿ ಹಾವಿನಂಗೆ ಯಾಕೆ ಹೊರಳ್ತದೆ ಅಂದ್ರೆ
ಆನೆ ಓಡಿ ಬಂದು ಬಾಗಿಲಿಗೆ ಹಾಯಬಾರದು;
ಗಾರೆ ಇಲ್ಲ ನೋಡ್ರಿ, ಕಲ್ಲಿಗೆ ಕಲ್ಲೇ ಬೀಗ.
ಅಪ್ಪ ತಲೆಯಾಡಿಸಿದ, ತಾನೇ ಕಟ್ಟಿಸಿದವನ ಹಾಗೆ.
ಗೋಡೆಯ ತೂತಿಗೆ ಕಣ್ಣಿಟ್ಟು ಪಾಲಾಕ್ಷ
ಕೆಳಗೆ ಸೆಲ್ಫಿ ತೆಗೆಯುತ್ತಿದ್ದ ಮೂವರನ್ನು ಕೊಂದ.

ಆಮೇಲೆ ಆ ಗುಂಡಿ.
ಅದರೊಳಗೆ ನಾಲ್ಕು ದುಂಡು ಕಲ್ಲು.
‘ಮದ್ದು ಬೀಸ್ತಿದ್ದಿದ್ದು ಇಲ್ಲೇ. ಆನೆ ಕಟ್ಟಿ ತಿರುಗಿಸ್ತಿದ್ರು ಅಂತಾರೆ.’
ಅಷ್ಟು ಹೊತ್ತೂ ಚಪ್ಪಲಿ ಕಡೆಗೇ ಗಮನವಿದ್ದ ಅಮ್ಮ
ಚಪ್ಪಲಿ ಬಿಟ್ಟಳು.
ಸೆರಗು ಸಿಕ್ಕಿಸಿ ಇಳಿದು
ಅಂಗೈಯನ್ನು ಕಲ್ಲಿನ ಅಂಚಿಗೆ ಒತ್ತಿ, ನಿಧಾನ ಸವರಿ,
‘ಹಲ್ಲು ಸವೆದಾವೆ’ ಅಂದಳು, ‘ಕುಟ್ಟಿಸಬೇಕು ಇದನ್ನ.’

ಗೈಡು ನಕ್ಕ. ಅವಳು ನಗಲಿಲ್ಲ.
‘ಆನೆ ತಿರುಗಿಸ್ತು, ಸರಿ.
ಕಲ್ಲಿನ ಬಾಯಿಗೆ ಹಾಕ್ತಿದ್ದೋರು ಯಾರು?
ಬೀಸಿದ ಮೇಲೆ ಬಾಚಿ ತುಂಬ್ಕೊಳ್ತಿದ್ದೋರು?’
‘ಅದು… ಆಳುಗಳು ಇರ್ತಿದ್ರು ಕಣಮ್ಮ.’
‘ಜೋಳ ಬೀಸಿದ್ರೆ ಬಿಳಿ ಕೆಮ್ಮು, ಖಾರ ಬೀಸಿದ್ರೆ ಕೆಂಪು.
ಇವ್ರದ್ದು?
ಕಲ್ಲಿಗೆ ಕಲ್ಲು ಉಜ್ಜಿ ಕಿಡಿ ಹಾರಿದ ದಿನ ಏನಾಯ್ತು?’
ಬೋರಯ್ಯನಿಗೆ ಏಳು ಸುತ್ತೂ ಬಾಯಿಪಾಠ,
ಯಾವ ದೊರೆ ಯಾವ ಬಾಗಿಲು ಎಲ್ಲ.
ಇದನ್ನು ಯಾರೂ ಕೇಳಿರಲಿಲ್ಲ ಅವನನ್ನು.

‘ನೀವು ಹೋಗ್ಬರ್ರಿ, ನಾನು ಇಲ್ಲೇ ಇರ್ತೀನಿ.’

ನಾವು ಹತ್ತಿದೆವು. ಎಣ್ಣೆಯ ಕೊಳ, ಉಯ್ಯಾಲೆ ಕಂಬ,
ಅಕ್ಕತಂಗಿ ಹೊಂಡದ ಹಸಿರು ನೀರು.
ತುಪ್ಪದ ಕೊಳದ ಬತ್ತೇರಿಗೆ ಬಂಡೆಯಲ್ಲಿ ಕೊರೆದ ಕಾಲ್ಗುಳಿ,
ಅಪ್ಪನ ಮಂಡಿ ಅರ್ಧಕ್ಕೇ ಕೈಕೊಟ್ಟು
ಅಲ್ಲೇ ಕೂತು ಇಡೀ ಊರನ್ನು ಬೆರಳಲ್ಲಿ ತೋರಿಸಿದ.
ಫೋಟೋಗಳಲ್ಲಿ ನಾವೆಲ್ಲ ಇದ್ದೇವೆ, ಒಂದು ಕೋತಿಯೂ ಇದೆ.
ಅಮ್ಮ ಇಲ್ಲ.

ಇಳಿದು ಬಂದಾಗ
ಗುಂಡಿಯಲ್ಲಿದ್ದ ಬಾಟಲಿ, ಚಿಪ್ಸ್ ಪೊಟ್ಟಣ, ಒಣಗಿದೆಲೆ ಎಲ್ಲ
ಒಂದು ಮೂಲೆಗೆ ಗುಡ್ಡೆಯಾಗಿತ್ತು.
ನಾಲ್ಕೂ ಕಲ್ಲು ಸ್ವಚ್ಛ,
ದಿನದ ಕೊನೆಯಲ್ಲಿ ಗಿರಣಿ ಗುಡಿಸಿದ ಹಾಗೆ.
ಕಟ್ಟೆಯ ಮೇಲೆ ಕೂತು ಚಿತ್ರಾನ್ನ ತಿನ್ನುತ್ತಿದ್ದಳು.
‘ಎಷ್ಟೊತ್ತು ಮಾಡಿದ್ರಿ’ ಅಂದಳು, ಅಷ್ಟೇ.

ವಾಪಸ್ಸು ಬಸ್ಸಿನಲ್ಲಿ ಪಾಲಾಕ್ಷ ತೊಡೆಯ ಮೇಲೆ ನಿದ್ದೆ.
ಅವನ ಮುಷ್ಟಿ ಬಿಡಿಸಿ ಪಟಾಕಿ ರೀಲು ತೆಗೆದು
ಮೂಗಿಗೆ ಹಿಡಿದಳು. ತುಂಬ ಹೊತ್ತು ಹಿಡಿದೇ ಇದ್ದಳು.
ಸೆರಗಿನ ತುದಿಗೆ ಗಂಟು ಹಾಕಿದಳು.

ಮರುದಿನ ಕರೆಂಟು ಬಂತು. ಬಾಗಿಲಲ್ಲಿ ಡಬ್ಬಗಳ ಸಾಲು.
ಮೊದಲ ಹಿಡಿ ಕಲ್ಲಿಗೆ, ಅದು ಎಂದಿನ ಪದ್ಧತಿ,
ಯಾರ ತೂಕಕ್ಕೂ ಬಾರದ ನಮ್ಮ ಮನೆಯ ರಾಗಿ.
ಅವತ್ತು ಇನ್ನೊಂದು ಹಿಡಿ ಹಾಕಿದಳು.
‘ಅದ್ಯಾರಿಗೆ?’ ಅಂದ ಅಪ್ಪ.
ಬೆಲ್ಟು ಆಗಲೇ ಓಡತೊಡಗಿತ್ತು,
ಅವಳಿಗೆ ಕೇಳಿಸಿತೋ ಇಲ್ಲವೋ.