ಗೇರ್‌ಬಾಕ್ಸ್ ಬಿಚ್ಚಿದ ದಿನ

ಹನ್ನೊಂದು ಸಲ ದಾಟೀನಿ ಈ ಊರ,
ಹನ್ನೊಂದೂ ಸಲ ರಾತ್ರಿ.
ಅಕ್ಕಿ ಚೀಲದ ಮ್ಯಾಲ ಮಲಗಿ ಒಂದು ಕಣ್ಣು ತೆರೆದ್ರ
ದೂರದಾಗ ಕರ್ರಗ ಕುಂತಿರತಿತ್ತು ಗುಮ್ಮಟ
ಬೋರಲ ಹಾಕಿದ ಹಂಡೇದಂಗ.
ಮತ್ತ ಕಣ್ಣು ತೆರೆಯೂದ್ರಾಗ ಸೊಲ್ಲಾಪುರ.

ಇವತ್ತ ಗೇರ್‌ಬಾಕ್ಸ್ ಕೈಕೊಟ್ಟೈತಿ.
ಇಮಾಮಸಾಬ ಮೇಸ್ತ್ರಿ ಅದರ ಹೊಟ್ಟಿ ಬಿಚ್ಚಿ
ಹಲ್ಲೆಲ್ಲ ಗೋಣಿತಟ್ಟಿನ ಮ್ಯಾಲ ಹರವ್ಯಾನ.
"ಸಂಜಿ ಆರರ ಮಟಾ ಮಾರಿ ತೋರಸಬ್ಯಾಡಲೇ ದುರುಗ್ಯಾ,
ವಿಜಾಪುರ ನೋಡು ಹೋಗು" ಅಂದ ಹುಸೇನಪ್ಪ ಡ್ರೈವರ.
ಒಂದು ನೂರು, ಒಂದು ಐವತ್ತು ಕಿಸೇಕ ತುರುಕಿದ.
ಐವತ್ತರ ನಡುವ ಟೇಪು ಹಚ್ಚಿತ್ತು.
ಆಗ ನೋಡಲಿಲ್ಲ.

ಸಿಟಿ ಬಸ್ಸಿನ್ಯಾಗ ಹೆಂಗಸರೆಲ್ಲ ಪುಕ್ಕಟೆ,
ಆಧಾರ್ ಕಾರ್ಡ್ ತೋರಿಸಿ ರಾಣಿಯರಂಗ ಕುಂತಾರ.
ನಾ ಟೇಪಿನ ನೋಟ ಕೊಟ್ಟೆ.
ಕಂಡಕ್ಟರ್ ಸೀಟಿ ಊದಿ ಇಳಿಸಿದ.
ಛಲೋ ಆತು. ನೂರು ಮುರಿಸೂ ಮನಸಿರಲಿಲ್ಲ ನನಗ,
ಕಾಲಿಗೆ ಡೀಸಲ್ ಬೇಕಿಲ್ಲ.

ಬಾರಾಕಮಾನಿನಾಗ ರೊಕ್ಕ ಕೇಳಲಿಲ್ಲ ಯಾರೂ.
ಮಾಳಿಗಿ ಇಲ್ಲದ ಕಮಾನು, ಕಮಾನಿನ ಹಿಂದ ಕಮಾನು,
ಬಾಡಿ ಕಟ್ಟದ ಬಿಟ್ಟ ಚಾಸಿಯಂಗ.
ಯಾರದೋ ರೊಕ್ಕ ಮುಗದಿರಬೇಕು, ಅಂದೆ ನನ್ನಷ್ಟಕ್ಕ.
ಹುಲ್ಲಿನ ಮ್ಯಾಲ ಕುಂತ ಬೊಚ್ಚಬಾಯಿ ಮುದುಕ
"ರೊಕ್ಕ ಅಲ್ಲೋ ತಮ್ಮಾ, ಆಯುಷ್ಯ" ಅಂದ,
ನನ್ನ ಕಡೆ ಒಂದು ಬೀಡಿ ಇಸಗೊಂಡ.

ಉಪ್ಪಲಿ ಬುರುಜಿನ ಮೆಟ್ಟಲಾ ಎಣಿಸಿದೆ, ನಡುವ ತಪ್ಪಿದೆ.
ಮ್ಯಾಲ ಉದ್ದನ್ನ ತೋಪು, ಕೈ ಇಟ್ಟು ಚಟ್ಟನ ತೆಗೆದೆ,
ಘಾಟು ಏರಿದ ಸೈಲೆನ್ಸರ್ ಮುಟ್ಟಿದಂಗ.
ಅಲ್ಲಿಂದ ಕಾಣತಿತ್ತು ಪೂರಾ ಊರು,
ನೀರಿನ ಟಾಕಿ, ಒಣ ಹಾಕಿದ ಚಾದರ, ಇಬ್ರಾಹಿಂ ರೋಜಾ.
ರೋಜಾಕ್ಕ ಒಂದು ಟಿಕೀಟು, ಗುಮ್ಮಟಕ್ಕ ಒಂದು,
ಹೊಟ್ಟಿಗೆ ಒಂದು.
ಮೂರರಾಗ ಒಂದು ಬಿಡಬೇಕು.
ರೋಜಾ ಗ್ವಾಡಿ ಹೊರಗ ನಿಂತ ನೋಡಿದೆ.
ಮಿನಾರಿನ ಈ ಮಗ್ಗಲಾಗ ಗಿಳಿ ಸಾಲಾಗಿ ಕುಂತಿದ್ವು,
ಟಿಕೀಟು ತಗೊಂಡವರಿಗೆ ಕಂಡಿರಾಕಿಲ್ಲ.

ಖಾನಾವಳಿ ಬೋರ್ಡಿನ ಮ್ಯಾಲ ಊಟ ಎಂಬತ್ತು.
"ಎರಡು ರೊಟ್ಟಿ, ಹಿಂಡಿ, ಅಷ್ಟ ಸಾಕಕ್ಕಾ" ಅಂದೆ.
ರೊಟ್ಟಿ ಬಂದ್ವು. ಪುಂಡಿಪಲ್ಯ ಬಂತು.
ಹೇಳದ ಬದನಿಕಾಯಿ ಬಂತು, ಕೇಳದ ಮಜ್ಜಿಗಿ ಬಂತು.
ನಾಲ್ವತ್ತು ಅಂದಳು. ಟೇಪಿನ ನೋಟ ಚಾಚಿದೆ.
ಬೆಳಕಿಗೆ ಹಿಡಿದು ನೋಡಿ ತಿರುಗಿ ಕೊಟ್ಟಳು,
"ಅಂತಃಕರಣ ಬ್ಯಾರೆ, ನೋಟ ಬ್ಯಾರೆ ತಮ್ಮಾ."
ನೂರು ಅಲ್ಲಿ ಮುರೀತು.

ಇಳಿಹೊತ್ತಿಗೆ ಗುಮ್ಮಟ. ಚಪ್ಪಲಿ ಕೆಳಗ ಬಿಟ್ಟು
ತಿರುಗಿ ತಿರುಗಿ ಹತ್ತಿದೆ, ಮೈ ತಾಗೂವಂಥ ಇಕ್ಕಟ್ಟು.
ಮ್ಯಾಲ ಸಾಲಿ ಹುಡುಗ್ರು ಸಿಳ್ಳಿ ಹಾಕತಿದ್ರು,
ಒಬ್ಬ ಯಾರದೋ ಹೆಸರು ಗ್ವಾಡಿಗೆ ಪಿಸುಗುಟ್ಟಿದ,
ಆ ಕಡೆ ನಿಂತ ಮಾಸ್ತರಿಗೆ ಗ್ವಾಡಿ ಚಾಡಿ ಹೇಳಿತು.
ಒಂದು ಗಳಿಗಿ ಎಲ್ಲಾರೂ ಗಪ್ಪಾದರು.
"ನೀನೂ ಏನರ ಒದರು, ರೊಕ್ಕ ಕೊಟ್ಟೀ" ಅಂದ ಕಾವಲಿನವ.

ಏನು ಒದರಲಿ?
ಹೆಸರು ಹೇಳಿದ್ರ ಹುಸೇನಪ್ಪ ಬೈದಂಗ ಕೇಳೀತು.
ಒದರೂದು ಅಂದ್ರ ನನಗ ಬರೂದು ಒಂದ.
"ಬರ್ಲೀ..."
ಬರ್ಲಿ, ಅಂತು ಗುಮ್ಮಟ.
ಬರ್ಲಿ. ಬರ್ಲಿ. ಬರ್ಲಿ.
ಅಷ್ಟು ದೊಡ್ಡ ಕಲ್ಲಿನ ಹೊಟ್ಟಿ
ರಿವರ್ಸ್ ಬರಾಕ ಹತ್ತಿದಂಗಾತು ನನ್ನ ಮ್ಯಾಲ.
ಗಾಬರಿಯಾಗಿ "ಹೋಲ್ಡಾನ್!" ಅಂದೆ.
ಏಳು ಸಲ ಹೋಲ್ಡಾನ್.
ಹುಡುಗ್ರು ಬಿದ್ದು ಬಿದ್ದು ನಕ್ಕರು. ನಾನೂ.
ಆ ನಗೂನೂ ತಿರುಗಿ ತಿರುಗಿ ಬಂತು.

ಆರಕ್ಕ ಗ್ಯಾರೇಜು.
"ಐವತ್ತು ಉಳದೈತಿ ನೋಡಣ್ಣಾ" ಅಂದೆ ದೊಡ್ಡಸ್ತಿಕಿಯಿಂದ.
"ಯಾರೂ ತಗೊಳ್ಳಾಕಿಲ್ಲ ಅಂತನ ಕೊಟ್ಟಿದ್ದೆ ಮಗನ"
ಅಂದು ಮತ್ತ ತನ್ನ ಕಿಸೇದಾಗ ಇಟಗೊಂಡ.
ಲಾರಿ ಹಿಂದಕ್ಕ ತಗದ. ಬಾಡಿ ಬಡಿದು
"ಬರ್ಲೀ" ಅಂದೆ.
ಅಂದು, ನಿಂತೆ.

"ಯಾಕಲೇ ಸುಮ್ಮನಾದಿ?"

ಇನ್ನೂ ಆರು ಬರೂದೈತಿ, ತಡಿ.